ಒಂದು ಗುಟುಕು, ಆಮೇಲೆ ನಗು

“ಒಬ್ಬ ಅಜ್ಜ ಬಸ್ಸು ಹತ್ತಿದ್ನಂತೆ. ಬಸ್ಸೆಲ್ಲಾ ಖಾಲಿ. ಆದ್ರೂ ಕಂಬಿ ಹಿಡ್ಕೊಂಡು ನಿಂತೇ ಇದ್ನಂತೆ.”

ಇಷ್ಟು ಹೇಳಿ ಕಿಟಕಿ ಅಕ್ಕ ಬಾಯಿ ಮುಚ್ಚುತ್ತಾರೆ. ಗಾಜಿನ ಆಚೆ ನಿಂತ ಪ್ಲಂಬರ್ ಕತ್ತು ಮುಂದೆ ಚಾಚಿ ಕಾಯುತ್ತಾನೆ. ಅಕ್ಕನ ಕೈಗೆ ಮಾತ್ರ ಬಿಡುವಿಲ್ಲ. ಪಂಪಿನ ಗುಂಡಿ ಒತ್ತುತ್ತಾರೆ, ಪುಟ್ಟ ಪ್ಲಾಸ್ಟಿಕ್ ಲೋಟಕ್ಕೆ ಕೆಂಪು ಸಿರಪ್ಪು ಇಳಿಯುತ್ತದೆ, ಲೋಟ ಗಾಜಿನ ಕೆಳಗಿನ ಸಂದಿಯಿಂದ ಆಚೆ ಜಾರುತ್ತದೆ. ಪ್ಲಂಬರ್ ಒಂದೇ ಗುಟುಕಿಗೆ ಕುಡಿಯುತ್ತಾನೆ. ಅದೇ ಲೋಟಕ್ಕೆ ನೀರು ಹಾಕಿ, ಅಲುಗಾಡಿಸಿ, ಅದನ್ನೂ ಕುಡಿಯುತ್ತಾನೆ.

“ಆಮೇಲೆ?” ಅನ್ನುತ್ತಾನೆ.

“ಕೂತ್ಕೊಳ್ಳಿ ಅಜ್ಜಾ ಅಂದ್ರೆ, ‘ಕೂತ್ಕೊಳ್ಳೋಕೆಲ್ಲ ಟೈಮಿಲ್ಲಪ್ಪಾ, ನಾನು ಅರ್ಜೆಂಟಾಗಿ ಹೋಗ್ಬೇಕು’ ಅಂದ್ನಂತೆ.”

ಪ್ಲಂಬರ್ ಹಲ್ಲು ಬಿಟ್ಟು ನಗುತ್ತಾನೆ. ಅಕ್ಕ ನಗುವುದಿಲ್ಲ. ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು, ಗಾಜಿನ ಹತ್ತಿರ ಬಗ್ಗಿ, ನಗುವವನ ನಾಲಗೆ, ಒಸಡು, ಎರಡೂ ಕೆನ್ನೆಯ ಒಳಗನ್ನು ಹಲ್ಲಿನ ಡಾಕ್ಟರರ ಹಾಗೆ ನೋಡುತ್ತಾರೆ. “ಸರಿ. ಮುಂದಿನವರು ಬನ್ನಿ.”

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಬೀದಿದೀಪ ಆರಿಲ್ಲ. ಆಗಲೇ ಸಾಲು ಬಾಗಿಲು ದಾಟಿ, ಮೆಟ್ಟಿಲಿಳಿದು, ಪಕ್ಕದ ಬೀಗ ರಿಪೇರಿ ಅಂಗಡಿಯ ಮುಂದಕ್ಕೆ ಹೋಗಿದೆ. ಈ ಕಟ್ಟಡ ಹಿಂದೆ ಬ್ಯಾಂಕಾಗಿತ್ತು. ಅಕ್ಕ ಕೂರುವ ಜಾಗದಲ್ಲಿ ಆಗ ಕ್ಯಾಷಿಯರ್ ಕೂರುತ್ತಿದ್ದರು. ನೋಟಿನ ಕಟ್ಟುಗಳಿದ್ದ ತಿಜೋರಿಯಲ್ಲಿ ಈಗ ಔಷಧದ ಕ್ಯಾನುಗಳಿವೆ. ‘ಇಲ್ಲಿ ನಿಲ್ಲಿ’ ಎಂದು ನೆಲಕ್ಕೆ ಬಳಿದಿದ್ದ ಹಳದಿ ಗೆರೆ ಅರ್ಧ ಅಳಿಸಿದ್ದರೂ ಜನ ಅದನ್ನು ದಾಟುವುದಿಲ್ಲ.

ಅಫೀಮಿನ ಜಾತಿಯ ಮಾದಕಗಳ ಕೈಗೆ ಸಿಕ್ಕಿಬಿದ್ದವರ ಚಿಕಿತ್ಸಾಲಯ ಇದು. ಹೆರಾಯಿನ್ ಚಟದವರಿದ್ದಾರೆ. ಬೆನ್ನು ನೋವಿಗೆಂದು ನುಂಗಿದ ಮಾತ್ರೆಯನ್ನು ಬಿಡಲಾಗದೆ ಬಂದ ಮರ್ಯಾದಸ್ಥರೂ ಇದ್ದಾರೆ. ಕೆಂಪು ಸಿರಪ್ಪಿನ ಹೆಸರು ಮೆಥಡೋನ್. ದಿನಕ್ಕೊಮ್ಮೆ ಕುಡಿದರೆ ನಡುಕ, ಬೆವರು, ವಾಂತಿಗಳ ಕಾಟವಿಲ್ಲದೆ ಮನುಷ್ಯ ಕೆಲಸಕ್ಕೆ ಹೋಗಿಬರಬಹುದು. ಆದರೆ ಇದೂ ಸಾಮಾನ್ಯದ ಔಷಧವಲ್ಲ. ಅಭ್ಯಾಸವಿಲ್ಲದವರು ಕುಡಿದರೆ ಉಸಿರೇ ನಿಂತುಬಿಡಬಹುದು. ಆದ್ದರಿಂದ ಬಹುತೇಕರು ನರ್ಸಿನ ಕಣ್ಣೆದುರೇ ಕುಡಿಯಬೇಕು, ಕುಡಿದ ಮೇಲೆ ಬಾಯಿ ತೆರೆದು ಏನಾದರೂ ಮಾತಾಡಬೇಕು. ನುಂಗದೆ ಬಾಯಲ್ಲೇ ಇಟ್ಟುಕೊಂಡು, ಹೊರಗೆ ಹೋಗಿ ಉಗುಳಿ ಮಾರುವ ಕಿಲಾಡಿಗಳು ಎಲ್ಲ ಕಡೆಯೂ ಇರುತ್ತಾರೆ.

ಬೇರೆ ಚಿಕಿತ್ಸಾಲಯಗಳ ಕಿಟಕಿಗಳಲ್ಲಿ ‘ಥ್ಯಾಂಕ್ಯೂ ಸಿಸ್ಟರ್’ ಅಂದರೆ ಸಾಕು, ಕಳಿಸಿಬಿಡುತ್ತಾರಂತೆ. ಈ ಕಿಟಕಿಯಲ್ಲಿ ನಗಬೇಕು. ಅರ್ಧ ಜೋಕು ಔಷಧಕ್ಕೆ ಮೊದಲು, ಉಳಿದರ್ಧ ನುಂಗಿದ ಮೇಲೆ. ಬೆಳಿಗ್ಗೆ ನೂರೈವತ್ತಕ್ಕೂ ಹೆಚ್ಚು ಮಂದಿ ಇಲ್ಲಿಗೆ ಬರುತ್ತಾರೆ. ಅಷ್ಟೂ ಮಂದಿಗೆ ಒಂದೇ ಜೋಕು ನಡೆಯುವುದಿಲ್ಲ, ಹಿಂದೆ ನಿಂತವನಿಗೆ ಕೇಳಿಸಿಬಿಡುತ್ತದೆ. ಆದ್ದರಿಂದ ಅಕ್ಕ ದಿನಕ್ಕೆ ಆರೇಳು ಜೋಕು ತಂದು ಕಲೆಸಿ ಹಂಚುತ್ತಾರೆ. ಪತ್ರಿಕೆಗೆ ಬರೆಯಲೆಂದು ನಾಲ್ಕು ಮುಂಜಾನೆ ಆ ಕಿಟಕಿಯ ಒಳಗೆ ಸ್ಟೂಲು ಹಾಕಿಕೊಂಡು ಕುಳಿತವನಾಗಿ ಹೇಳುತ್ತೇನೆ, ಅವುಗಳಲ್ಲಿ ಒಂದೂ ಹೊಸದಲ್ಲ.

“ಜೋಕು ಸಪ್ಪೆ ಅಂತ ನಂಗೂ ಗೊತ್ತು,” ಅನ್ನುತ್ತಾರೆ ಅಕ್ಕ, ಬೇಜಾರಿಲ್ಲದೆ. “ನಮ್ಮೆಜಮಾನ್ರು ಬಸ್ ಡ್ರೈವರ್ರು. ಅವ್ರ ಡಿಪೋದಲ್ಲಿ ಸಿಗೋ ಜೋಕುಗಳು ಇವು. ರಾತ್ರಿ ಊಟ ಮಾಡ್ತಾ ಹೇಳ್ತಾರೆ. ನಾನು ನಗಲ್ಲ. ನೀನು ನಗದಿದ್ರೆ ಅವ್ರು ನಗ್ತಾರೇನೇ ಅಂತ ಅವ್ರಿಗೆ ಸಿಟ್ಟು.”

ಅಕ್ಕನಿಗೆ ಐವತ್ತು ದಾಟಿದೆ. ಗಿಡ್ಡ ಆಳು, ಗಟ್ಟಿ ಕಂಠ. ಮೊದಲು ದೊಡ್ಡ ಆಸ್ಪತ್ರೆಯ ಆಪರೇಷನ್ ವಾರ್ಡಿನಲ್ಲಿ ನರ್ಸಾಗಿದ್ದರು. ಇಲ್ಲಿಗೆ ಬಂದದ್ದರ ಹಿಂದೆ ಕಣ್ಣೀರಿನ ಕತೆ ಇರಬೇಕೆಂದು ನಾನು ಪೆನ್ನು ತೆರೆದು ಕೂತರೆ, ಆಕೆ ಅದಕ್ಕೆ ತಣ್ಣೀರೆರಚಿಬಿಟ್ಟರು. “ಸೇವೆ ಗೀವೆ ಅಂತ ಏನೂ ಬಂದಿಲ್ಲ ಕಣ್ರೀ. ವಾರ್ಡಲ್ಲಿ ನೈಟ್ ಡ್ಯೂಟಿ ಇತ್ತು, ಮಗಳು ಚಿಕ್ಕೋಳು. ಇಲ್ಲಿ ಮಧ್ಯಾಹ್ನಕ್ಕೆ ಕೆಲಸ ಮುಗಿಯುತ್ತೆ, ಸ್ಕೂಲಿಂದ ಅವಳನ್ನ ಕರ್ಕೊಂಡು ಬರಬಹುದು ಅಂತ ಬಂದೆ. ಮೊದಮೊದಲು ಇವ್ರನ್ನ ಕಂಡ್ರೆ ಆಗ್ತಿರ್ಲಿಲ್ಲ. ಬೇಕು ಅಂತ ಹಾಳಾದೋರು, ಇವ್ರಿಗ್ಯಾಕೆ ಔಷಧಿ ಅಂದ್ಕೊಂಡಿದ್ದೆ.” ಆ ಮಗಳು ಈಗ ದೊಡ್ಡವಳಾಗಿ ಕೆಲಸಕ್ಕೆ ಹೋಗುತ್ತಾಳೆ. ಅಮ್ಮ ಕಿಟಕಿ ಬಿಟ್ಟಿಲ್ಲ.

ಕಿಟಕಿಯ ಕೆಲಸವೆಂದರೆ ಲೋಟ ತುಂಬಿಸುವುದು ಎಂದುಕೊಂಡಿದ್ದ ನನಗೆ ಎರಡನೆಯ ದಿನವೇ ಕಣ್ಣು ತೆರೆಯಿತು. ಮನೆಗೆ ಬಣ್ಣ ಹೊಡೆಯುವ ಯುವಕನೊಬ್ಬ ಬಂದು ನಿಂತ. ಅಕ್ಕ ಅರ್ಧ ಜೋಕು ಹೇಳಿದರು. ಅವನ ರೆಪ್ಪೆ ಇಳಿಯಿತು. ಯಾರ ಬಗ್ಗೆ ಹೇಳಿದೆ ಹೇಳು ನೋಡೋಣ ಅಂದರೆ ಅವನಿಗೆ ಅಜ್ಜನೂ ನೆನಪಿಲ್ಲ, ಬಸ್ಸೂ ನೆನಪಿಲ್ಲ. ಪಂಪಿನ ಮೇಲಿದ್ದ ಕೈಯನ್ನು ಅಕ್ಕ ಹಿಂದೆ ತೆಗೆದುಕೊಂಡರು.

“ಈಗ ಕೊಡಲ್ಲ. ಒಳಗೆ ಹೋಗಿ ಕೂತ್ಕೋ, ಡಾಕ್ಟ್ರಮ್ಮ ನೋಡ್ಲಿ.”

ಅವನು ಬೈದ ಬೈಗುಳವನ್ನು ವಾರದ ಪುರವಣಿಯಲ್ಲಿ ಅಚ್ಚು ಹಾಕುವಂತಿಲ್ಲ. ಗಾಜಿಗೆ ಉಗಿದ. ಅಕ್ಕ ಬಟ್ಟೆ ತೆಗೆದುಕೊಂಡು ಹೋಗಿ ಗಾಜು ಒರೆಸಿ ಬಂದು ಕೂತರು. ರಾತ್ರಿ ಅವನು ನಿದ್ದೆ ಮಾತ್ರೆ ನುಂಗಿದ್ದ ಎಂದು ಆಮೇಲೆ ಗೊತ್ತಾಯಿತು. ಅದರ ಮೇಲೆ ಈ ಸಿರಪ್ಪು ಬಿದ್ದಿದ್ದರೆ ಮಧ್ಯಾಹ್ನದ ಹೊತ್ತಿಗೆ ಯಾವುದೋ ಮನೆಯ ಏಣಿಯ ಕೆಳಗೆ ಮಲಗಿರುತ್ತಿದ್ದ. “ನಗು ತಡವಾಗಿ ಬಂದ್ರೆ ನಂಗೆ ಭಯ,” ಅಂದರು ಅಕ್ಕ. “ಜೋಕು ಮುಗಿಯೋಕೆ ಮೊದ್ಲೇ ನಕ್ಕು, ದವಡೆ ಕಡೀತಾ, ಪದೇ ಪದೇ ತುಟಿ ನೆಕ್ಕಿದ್ರೆ ಅದು ಬೇರೆ ಭಯ. ಅವ್ನು ಬಿಳಿ ಎಳ್ಕೊಂಡು ಬಂದಿರ್ತಾನೆ.”

ಬಿಳಿ ಎಂದರೆ ಕೊಕೇನ್. ಸಾಲಿನಲ್ಲಿ ಯಾರೂ ಅದರ ಹೆಸರು ಹೇಳುವುದಿಲ್ಲ. ಈ ಕಿಟಕಿಗೆ ಬರುವವರಲ್ಲಿ ಹಲವರಿಗೆ ಅಫೀಮಿನದ್ದರ ಜೊತೆ ಬಿಳಿಯದೂ ಅಂಟಿಕೊಂಡಿದೆ. ಒಂದು ಮೈಯನ್ನು ಜೋಲಿಸುತ್ತದೆ, ಇನ್ನೊಂದು ಕುಣಿಸುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ ಬದುಕು ನಡುವೆ ಸಿಕ್ಕಿ ಹರಿದು ಚಿಂದಿಯಾಗುತ್ತದೆ. ಕೆಂಪು ಸಿರಪ್ಪು ಅಫೀಮಿನ ಎತ್ತನ್ನು ಕಟ್ಟಿಹಾಕುತ್ತದೆಯೇ ಹೊರತು ಕೊಕೇನಿಗೆ ಅದು ಮದ್ದಲ್ಲ.

ನಗುವಿನ ಈ ಪದ್ಧತಿ ಹುಟ್ಟಿದ ಕತೆಗೆ ಬರುತ್ತೇನೆ. ಅದು ಕುಶನ್‌ನ ಕತೆ. ಸೋಫಾ, ಕುರ್ಚಿಗಳಿಗೆ ಸ್ಪಂಜು ಹಾಕಿ ಬಟ್ಟೆ ಹೊಲಿಯುವುದು ಅವನ ಕಸುಬು, ಆದ್ದರಿಂದ ಸಾಲಿನವರೆಲ್ಲ ಅವನನ್ನು ಕರೆಯುವುದು ಕುಶನ್ ಎಂದೇ. ನಲವತ್ತರ ಆಸುಪಾಸು, ಮದುವೆಯಾಗಿಲ್ಲ, ವಯಸ್ಸಾದ ತಾಯಿಯ ಜೊತೆ ಇದ್ದಾನೆ. ಮಾತಿನ ಮಲ್ಲ. “ನನ್ನ ಬಗ್ಗೆ ಧಾರಾಳವಾಗಿ ಬರೀರಿ ಸಾರ್,” ಅಂದ ನನಗೆ. “ಆದ್ರೆ ಕೈಕೆಲಸ ಚೆನ್ನಾಗಿ ಮಾಡ್ತಾನೆ ಅಂತಾನೂ ಒಂದು ಮಾತು ಹಾಕಿ.” ಹಾಕಿದ್ದೇನೆ. ಡಾಕ್ಟರ ಕೋಣೆಯ ಕುರ್ಚಿಗೆ ಕುಶನ್ ಹಾಕಿದವನು ಅವನೇ, ಹೊಲಿಗೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಹುಡುಕಿದರೂ ನನಗೆ ಸಿಗಲಿಲ್ಲ.

ಎರಡು ವರ್ಷದ ಹಿಂದೆ ಈ ಕಿಟಕಿಯಲ್ಲೂ ಬರೀ ಮಾತಾಡಿದರೆ ಸಾಕಾಗಿತ್ತು. ಕುಶನ್ ಔಷಧ ಕುಡಿದು ಕತೆ ಶುರುಮಾಡಿದರೆ ಸಾಲು ಕಿವಿ ನಿಮಿರಿಸುತ್ತಿತ್ತು. ಅಕ್ಕನಿಗೂ ಅವನ ಕತೆಯೆಂದರೆ ಇಷ್ಟ. ಇಷ್ಟು ಮಾತಾಡುವವನ ಬಾಯಲ್ಲಿ ಏನಿರಲು ಸಾಧ್ಯ ಎಂದು ನೋಡುವುದನ್ನೇ ಬಿಟ್ಟಿದ್ದರು. ಒಂದು ದಿನ ಅವನು ಹಳೇ ಸೋಫಾದ ಕತೆ ಹೇಳಿದ. ಸೋಫಾ ಬಿಚ್ಚಿದರೆ ಒಳಗೆ ಹಲ್ಲಿನ ಸೆಟ್ಟು ಸಿಕ್ಕಿತಂತೆ. ಮನೆಯ ಯಜಮಾನ ಅದನ್ನು ನೋಡಿದ್ದೇ ತಡ, ಒರೆಸಿ ಬಾಯಿಗೆ ಹಾಕಿಕೊಂಡನಂತೆ. ಹೆಂಡತಿ, ‘ಅಯ್ಯೋ, ಅದು ನಮ್ಮಪ್ಪಂದು!’ ಎಂದು ಕಿರುಚಿದಳಂತೆ. ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ತನ್ನ ಕತೆಗೆ ತಾನೇ ಮೊದಲು ನಗುವ ಕುಶನ್ ಮಾತ್ರ ತುಟಿ ಬಿಗಿಹಿಡಿದು ನಿಂತಿದ್ದ.

“ನಗೋ,” ಅಂದರು ಅಕ್ಕ.

“ನಗು ಬರ್ತಿಲ್ಲ ಅಕ್ಕ.”

“ಬಾಯಿ ತೆಗಿ.”

ಎಡಗೆನ್ನೆಯ ಒಳಗೆ ನಿಂಬೆ ಹೋಳಿನಷ್ಟು ಸ್ಪಂಜು ಇತ್ತು. ಕುರ್ಚಿಗೆ ಹಾಕುವ ಸ್ಪಂಜು, ಸಿರಪ್ಪು ಹೀರಿ ಕೆಂಪಾಗಿತ್ತು. ಅದನ್ನು ಇಟ್ಟುಕೊಂಡು ಸಲೀಸಾಗಿ ಮಾತಾಡುವುದನ್ನು ಕನ್ನಡಿ ಮುಂದೆ ನಿಂತು ಕಲಿತಿದ್ದನಂತೆ. ನಗುವುದನ್ನು ಕಲಿಯಲು ಆಗಿರಲಿಲ್ಲ. ನಕ್ಕರೆ ಸ್ಪಂಜು ಹೊರಗೆ ಬರುತ್ತಿತ್ತು.

“ಹೊಟ್ಟೆ ಉರಿದೋಯ್ತು ನಂಗೆ,” ಅನ್ನುತ್ತಾರೆ ಅಕ್ಕ. “ಎಷ್ಟು ನಂಬಿದ್ದೆ! ಡಾಕ್ಟ್ರಮ್ಮನ ಹತ್ರ ಹೋಗಿ, ಇವ್ನ ಹೆಸರು ಇವತ್ತೇ ಹೊಡೆದು ಹಾಕಿ ಅಂದೆ. ರೂಲ್ಸೂ ಹಾಗೇ ಇತ್ತು.”

ಡಾಕ್ಟರಮ್ಮ ಮೆತ್ತಗೆ ಮಾತಾಡುವ, ಆದರೆ ಬೇಗ ಬಗ್ಗದ ಹೆಂಗಸು. ಹೆಸರು ಹೊಡೆಯುವ ಮೊದಲು ಅವನನ್ನು ಕೂರಿಸಿ ಯಾಕೆಂದು ಕೇಳಿದರು. ಅವನು ಮಾರುತ್ತಿರಲಿಲ್ಲ. ಮೂತ್ರ ಪರೀಕ್ಷೆಯಲ್ಲಿ ಕೊಕೇನ್ ಕಂಡರೆ ಸಿರಪ್ಪಿನ ಅಳತೆ ಇಳಿಸುವುದು ಆಗಿನ ಶಿಕ್ಷೆ. ಕುಶನ್‌ನದ್ದನ್ನು ಎರಡು ಸಲ ಇಳಿಸಿದ್ದರು. ಬೆಳಗಿನ ಔಷಧ ಸಂಜೆ ತನಕ ಬಾಳುತ್ತಿರಲಿಲ್ಲ. ಸಂಜೆ ನಾಲ್ಕಾದರೆ ಬೆನ್ನಲ್ಲಿ ಬೆವರು, ಕೈಯಲ್ಲಿ ನಡುಕ, ಸೂಜಿ ಹಿಡಿದರೆ ಬೆರಳಿಗೇ ಚುಚ್ಚಿಕೊಳ್ಳುವಂತಾಗುತ್ತಿತ್ತು. ಬಿಳಿ ಎಳೆದರೆ ಎರಡು ಗಂಟೆ ಕೈ ನಿಲ್ಲುತ್ತದೆ ಅನ್ನಿಸುತ್ತಿತ್ತು. ಅದನ್ನು ಎಳೆಯಬಾರದೆಂದೇ ಬೆಳಗಿನದ್ದರಲ್ಲಿ ಅರ್ಧ ಉಳಿಸಿ ಸಂಜೆಗೆ ಇಟ್ಟುಕೊಳ್ಳುವ ಈ ಸ್ಪಂಜಿನ ವಿದ್ಯೆ ಕಂಡುಹಿಡಿದಿದ್ದ.

“ನಮ್ಮ ಶಿಕ್ಷೆ ಗಾಯದ ಮೇಲೆ ಬರೆ ಎಳೆದ ಹಾಗಿತ್ತು,” ಅನ್ನುತ್ತಾರೆ ಡಾಕ್ಟರಮ್ಮ. “ಕೊಕೇನ್ ಸೇರಿದ್ರೆ ಕೆಲವರ ಮೈಯಲ್ಲಿ ಮೆಥಡೋನ್ ಬೇಗ ಖಾಲಿಯಾಗುತ್ತೆ. ಮೊದಲೇ ಸಾಲದೆ ಇದ್ದದ್ದನ್ನ ನಾವು ಇನ್ನೂ ಇಳಿಸ್ತಿದ್ವಿ. ಅದಕ್ಕೆ ನಾನೂ ಸಹಿ ಹಾಕಿದ್ದೆ.”

ಅಕ್ಕನೂ ಆ ಶಿಕ್ಷೆಯ ಪರವಾಗಿದ್ದವರೇ. ಅವನ ಮಾತು ಕೇಳುತ್ತ ಬಾಗಿಲಲ್ಲಿ ನಿಂತಿದ್ದರು. ಸಿಟ್ಟು ಇಳಿದಿರಲಿಲ್ಲ, ಆದರೂ ನರ್ಸಿನ ತಲೆ ಓಡುತ್ತಿತ್ತು.

“ಉಳಿಸಿದ್ದನ್ನ ಎಲ್ಲಿಡ್ತೀಯಾ?” ಎಂದು ಕೇಳಿದರು.

“ಕೆಮ್ಮಿನ ಔಷಧಿ ಬಾಟ್ಲಿಯಲ್ಲಿ. ಅದೂ ಕೆಂಪು, ಇದೂ ಕೆಂಪು. ಯಾರಿಗೂ ಗೊತ್ತಾಗಬಾರ್ದು ಅಂತ.”

“ನಿಮ್ಮಮ್ಮಂಗೆ ಕೆಮ್ಮಿದೆಯಾ?”

ಕುಶನ್ ಎದ್ದು ನಿಂತ. ಅವನ ಮುಖ ಸುಣ್ಣದ ಹಾಗಾಗಿತ್ತು ಎಂದು ಅಕ್ಕ ನೆನೆಯುತ್ತಾರೆ. ಮನೆಗೆ ಫೋನ್ ಮಾಡಿದರು. ರಿಂಗಾಯಿತು, ತಾಯಿ ಎತ್ತಲಿಲ್ಲ. ಮತ್ತೆ ಮಾಡಿದರು, ಮತ್ತೆ ಎತ್ತಲಿಲ್ಲ. ಅಕ್ಕ ತಿಜೋರಿಗೆ ಬೀಗ ಹಾಕಿ, ಅಫೀಮಿನ ವಿಷ ಇಳಿಸಲು ಮೂಗಿಗೆ ಬಿಡುವ ಸ್ಪ್ರೇಯನ್ನು ಮುಷ್ಟಿಯಲ್ಲಿ ಹಿಡಿದು, ಕಿಟಕಿಯ ಪರದೆ ಎಳೆದರು. ಇಷ್ಟು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಆ ಪರದೆ ಬಿದ್ದದ್ದು ಅದೊಂದೇ ಸಲ. ಅರ್ಧಕ್ಕರ್ಧ ಸಾಲು ಇನ್ನೂ ಹೊರಗಿತ್ತು.

“ಟ್ಯಾಕ್ಸಿಯಲ್ಲಿ ಇವ್ನು ‘ಅಮ್ಮಾ ಅಮ್ಮಾ’ ಅಂತ ಒಂದೇ ಸಮ. ನಾನು ಮತ್ತೆ ಮತ್ತೆ ಫೋನ್ ಮಾಡ್ತಾನೇ ಇದ್ದೆ.”

ಅಂಗಡಿಯ ಹಿಂದೆಯೇ ಮನೆ. ತಾಯಿ ಹಿಂದಿನ ಕೋಣೆಯಲ್ಲಿ ಕೂತು ಹಳೇ ಕುರ್ಚಿಯೊಂದರಿಂದ ಮೊಳೆ ಕೀಳುತ್ತಿದ್ದರು. ಫೋನು ಸ್ಪಂಜಿನ ರಾಶಿಯ ಕೆಳಗೆಲ್ಲೋ ಬಡಿದುಕೊಳ್ಳುತ್ತಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಬಾಟಲಿ ಇತ್ತು, ಪಕ್ಕದಲ್ಲಿ ತೊಳೆದಿಟ್ಟ ಚಮಚ. “ಬೆಳಿಗ್ಗೆಯಿಂದ ಕೆಮ್ಮು ಜಾಸ್ತಿ. ಕುಡಿಯೋಣ ಅಂತ ತೆಗೆದೆ, ಮುಚ್ಚಳ ಬರ್ಲಿಲ್ಲ,” ಅಂದರಂತೆ ತಾಯಿ, ವಾತಕ್ಕೆ ಸೊಟ್ಟಗಾದ ಬೆರಳುಗಳನ್ನು ತೋರಿಸಿ. “ಇವ್ನು ಬಂದ್ಮೇಲೆ ತೆಗೆಸೋಣ ಅಂತ ಬಿಟ್ಟೆ.” ಸಿರಪ್ಪಿನ ಸಕ್ಕರೆ ಒಣಗಿ ಮುಚ್ಚಳ ಕಚ್ಚಿಕೊಂಡಿತ್ತು. ಆ ಅಂಟು ಒಂದು ಜೀವ ಉಳಿಸಿತ್ತು.

ಅಕ್ಕ ಅಲ್ಲಿ ನಿಜ ಹೇಳಲಿಲ್ಲ. ಮಗನ ಚಿಕಿತ್ಸೆಯ ವಿಷಯ ತಾಯಿಗೆ ಗೊತ್ತಿರಲಿಲ್ಲ, ಹೇಳುವ ಹಕ್ಕು ನರ್ಸಿಗಿಲ್ಲ. ಯೂನಿಫಾರ್ಮು ಕಾಣದ ಹಾಗೆ ಮೇಲೆ ಸ್ವೆಟರ್ ಇತ್ತು. ‘ಈ ಔಷಧಿ ಕೆಟ್ಟುಹೋಗಿದೆಯಂತೆ ಅಮ್ಮ, ವಾಪಸ್ ತಗೋತಿದ್ದಾರೆ’ ಎಂದು ಏನೋ ಒಂದು ಹೇಳಿ ಬಾಟಲಿ ಎತ್ತಿಕೊಂಡು ಬಂದರು. ವಾಪಸ್ ಬಂದಾಗ ಸಾಲು ಹಾಗೇ ನಿಂತಿತ್ತು. ಹೋಗಲು ಅವರಿಗೆ ಬೇರೆ ಜಾಗವೂ ಇರಲಿಲ್ಲ. ಕೆಲವರಿಗೆ ಆಗಲೇ ಬೆವರು ಕಿತ್ತುಕೊಂಡಿತ್ತು. ಯಾಕೆ ಪರದೆ ಬಿತ್ತೆಂದು ಅಕ್ಕ ಹೇಳಲೊಲ್ಲರು. ಕುಶನ್ ತಾನೇ ಮುಂದೆ ಬಂದು, “ನನ್ನಿಂದ ಆದದ್ದು. ಬೈಯೋದಿದ್ರೆ ನಂಗೆ ಬೈರಿ,” ಅಂದ. ಜನ ಯಾವ ದಾಕ್ಷಿಣ್ಯವೂ ಇಲ್ಲದೆ ಬೈದರು. ನಿವೃತ್ತ ಟೀಚರಮ್ಮ ಒಬ್ಬರು ಕೊಡೆಯಿಂದ ಎರಡು ಬಿಗಿದರು ಕೂಡ.

ಅವನ ಹೆಸರು ಉಳಿಯಿತು. ಬಿಳಿ ಕಂಡರೆ ಅಳತೆ ಇಳಿಸುವ ಶಿಕ್ಷೆಯನ್ನು ಆ ತಿಂಗಳೇ ಕೈಬಿಟ್ಟರು. ಈಗ ಹೃದಯದ ಇಸಿಜಿ ತೆಗೆದು ನೋಡಿ, ಮೈಗೆ ಎಷ್ಟು ಬೇಕೋ ಅಷ್ಟಕ್ಕೆ ನಿಧಾನವಾಗಿ ಏರಿಸುತ್ತಾರೆ. ಬಿಳಿಯ ಚಟಕ್ಕೆ ಮಾತಿನ ಚಿಕಿತ್ಸೆ ಬೇರೆ, ಜೊತೆಗೆ ಒಂದು ಚೀಟಿಯ ಬಟ್ಟಲು. ಪರೀಕ್ಷೆಯಲ್ಲಿ ಬಿಳಿ ಕಾಣದವರು ಕೈಹಾಕಿ ಚೀಟಿ ಎತ್ತಬಹುದು. ಸೋಪು, ಬಸ್ ಪಾಸು, ಅಪರೂಪಕ್ಕೆ ಒಂದು ಇಸ್ತ್ರಿ ಪೆಟ್ಟಿಗೆ ಬರುತ್ತದೆ. ನಲವತ್ತು ದಾಟಿದ ಗಂಡಸರು ಸೋಪಿಗೆ ಸಂಭ್ರಮಿಸುವುದನ್ನು ನಾನು ನೋಡಿದೆ. ನಗುವ ಮನಸ್ಸಾಗಲಿಲ್ಲ.

ಅಕ್ಕ ತಮ್ಮ ಪಾಲಿನದ್ದನ್ನು ಬದಲಿಸಿದರು. ಮಾತನ್ನು ನಂಬುವುದು ಬಿಟ್ಟು ನಗುವನ್ನು ಹಿಡಿದರು. ತಮಾಷೆಯ ಮಾತೆಂದರೆ, ಅವರ ಮನೆಯಲ್ಲೇ ಆಕೆಯಷ್ಟು ಗಂಭೀರ ಸ್ವಭಾವದವರು ಇನ್ನೊಬ್ಬರಿಲ್ಲ. “ಮದುವೆ ಫೋಟೋದಲ್ಲೂ ನಕ್ಕಿಲ್ಲ ಇವ್ಳು,” ಎಂದು ಅವರ ಯಜಮಾನರು ಫೋನಿನಲ್ಲಿ ನನಗೆ ದೂರು ಹೇಳಿದರು. “ಫೋಟೋದವ್ನು ಹುಡುಗಿಗೆ ಇಷ್ಟ ಇಲ್ವೇನೋ ಅಂದ್ಕೊಂಡು ನಂಗೆ ಸಮಾಧಾನ ಮಾಡಿದ್ದ.”

ಕುಶನ್‌ನ ಸಂಜೆಗಳು ಮಾತ್ರ ಪೂರ್ತಿ ಸರಿಹೋಗಲಿಲ್ಲ. ಅಳತೆ ಏರಿಸಿದರೂ ಅವನ ಮೈಯಲ್ಲಿ ಔಷಧ ಬೇಗ ಕರಗುತ್ತದೆ. ಕೆಲವು ತಿಂಗಳಿಂದ ಹಲ್ಲು ಕಚ್ಚಿ ಬಿಳಿಯಿಂದ ದೂರ ಇದ್ದಾನೆ. ಬಿಳಿ ಮಾರುವವನು ಇರುವುದು ಅವನ ಅಂಗಡಿಯ ತಿರುವಿನಲ್ಲೇ. ಅವನಿಗೆ ಬೇಕಿರುವುದು ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಹಿಂದೆ ಸ್ಪಂಜಿನಲ್ಲಿ ಕದ್ದು ಮಾಡಿಕೊಂಡದ್ದನ್ನೇ ಈಗ ಡಾಕ್ಟರಮ್ಮ ಚೀಟಿಯಲ್ಲಿ ಬರೆದುಕೊಡಲು ಸಿದ್ಧ. ಆದರೆ ಕಿಟಕಿ ಮಧ್ಯಾಹ್ನಕ್ಕೆ ಮುಚ್ಚುತ್ತದೆ. ಸಂಜೆಯದ್ದು ಬಾಟಲಿಯಲ್ಲಿ ಮನೆಗೇ ಹೋಗಬೇಕು. ಬಾಟಲಿ ಮನೆಗೆ ಹೋಗಲು ಕಿಟಕಿಯ ಒಪ್ಪಿಗೆಯೂ ಬೇಕು.

ಅಕ್ಕ ಒಪ್ಪಿಲ್ಲ. ಆಕೆಯದ್ದು ಒಂದೇ ಷರತ್ತು. “ಬಾಟ್ಲಿ ಬರೋ ಮನೇಲಿ ಇರೋರಿಗೆ ಅದೇನು ಅಂತ ಗೊತ್ತಿರ್ಬೇಕು. ಅಮ್ಮನ್ನ ಕರ್ಕೊಂಡು ಬಾ. ನಿನ್ನ ಬಾಯಿಂದ್ಲೇ ಹೇಳು. ಬಾಟ್ಲಿ ಇಡೋ ಬೀಗದ ಪೆಟ್ಟಿಗೆ ಕೀ ಅವ್ರ ಹತ್ರ ಇರ್ಲಿ.”

“ಅದೊಂದು ಆಗಲ್ಲ ಅಕ್ಕ,” ಅನ್ನುತ್ತಾನೆ ಕುಶನ್. ಊರಿಗೆಲ್ಲ ಕತೆ ಹೇಳುವವನಿಗೆ ಈ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ. ನಾನು ಕುಳಿತ ಮೂರನೆಯ ಮುಂಜಾನೆಯೂ ಅದೇ ಮಾತುಕತೆ ನಡೆಯಿತು. ಅವನ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. “ನಿನ್ನೆ ತಿರುವಿನ ತನಕ ಹೋಗಿ ವಾಪಸ್ ಬಂದೆ ಅಕ್ಕ,” ಅಂದ, ತಗ್ಗಿದ ದನಿಯಲ್ಲಿ. “ದಿನಾ ವಾಪಸ್ ಬರ್ತೀನಿ ಅಂತ ಹೇಳೋಕಾಗಲ್ಲ.”

ಅವನು ಹೋದ ಮೇಲೆ ಅಕ್ಕ ಪಂಪಿನ ಮೂತಿಯನ್ನು ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಹಟ ಜಾಸ್ತಿ ಆಯ್ತೇನೋ ಎಂದು ನಾನೇ ಕೇಳಿದೆ.

“ಆಯ್ತೇನೋ. ನಂಗೂ ನಿದ್ದೆ ಬರ್ತಿಲ್ಲ. ಅವ್ನು ಮತ್ತೆ ಬಿಳಿಗೆ ಬಿದ್ರೆ ನನ್ನ ಹಟದಿಂದ ಬಿದ್ದ ಅಂತಾಗುತ್ತೆ. ಬಾಟ್ಲಿ ಕೊಟ್ಟು ಆ ಅಮ್ಮ ಕುಡಿದ್ರೆ? ಆ ಚಮಚ ಇನ್ನೂ ನನ್ನ ಕಣ್ಣಲ್ಲಿದೆ ಕಣ್ರೀ. ತೊಳೆದು ಒರೆಸಿ ಇಟ್ಟಿದ್ರು.”

ನಿಮಗೇನು ಬೇಕು ಎಂದು ಇಂಥ ಬರಹದ ಕೊನೆಗೆ ಕೇಳುವ ರೂಢಿ ಇದೆ, ನಾನೂ ಕೇಳಿದೆ. ಸಂಬಳ, ಬಡ್ತಿ, ಬಹುಮಾನ ಏನಾದರೂ ಹೇಳಬಹುದೆಂದುಕೊಂಡೆ. ಅಕ್ಕ, “ಒಂದು ದಿನ ಜೋಕು ನಾನು ಹೇಳೋ ಹಾಗಿರಬಾರ್ದು,” ಅಂದರು. “ಯಾರಾದ್ರೂ ಹೇಳ್ಲಿ. ನಾನು ಬರೀ ನೋಡ್ಬೇಕು.”

ನಾಲ್ಕನೆಯ ಮುಂಜಾನೆ ಮಂಜು ಕವಿದಿತ್ತು. ಸಾಲು ಮಾಮೂಲಿನಂತೆ ಸರಿಯುತ್ತಿತ್ತು. ಅರ್ಧ ಜೋಕು, ಒಂದು ಗುಟುಕು, ಉಳಿದರ್ಧ ಜೋಕು. ಬಾಗಿಲ ಬಳಿ ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಕುಶನ್ ಬಂದ. ಅವನ ತೋಳು ಹಿಡಿದು ಶಾಲು ಹೊದ್ದ ಮುದುಕಿಯೊಬ್ಬರು, ಹಳದಿ ಗೆರೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ನೇರ ಕಿಟಕಿಯ ಹತ್ತಿರ ಬಂದು ಗಾಜಿಗೆ ಮುಖ ಒತ್ತಿ ನೋಡಿದರು. ಅಕ್ಕ ತಮಗೆ ಗೊತ್ತಿಲ್ಲದ ಹಾಗೆ ಎದ್ದು ನಿಂತಿದ್ದರು.

“ನೀವು ಅವತ್ತು ಕೆಮ್ಮಿನ ಔಷಧಿ ತಗೊಂಡು ಹೋದೋರಲ್ವಾ?”

“ಹೌದಮ್ಮ.”

“ಬೇರೆ ಬಾಟ್ಲಿ ತಂದುಕೊಡ್ಲೇ ಇಲ್ಲ.”

ಕುಶನ್ ನೆಲ ನೋಡುತ್ತಿದ್ದ. “ರಾತ್ರಿ ಎಲ್ಲಾ ಹೇಳ್ದೆ ಅಕ್ಕ,” ಅಂದ. “ಸ್ಪಂಜಿಂದೂ ಹೇಳ್ದೆ. ಬಿಳಿದೂ ಹೇಳ್ದೆ.”

“ಹೇಳ್ದ,” ಅಂದರು ತಾಯಿ. “ಒಂದೇ ಏಟು ಹೊಡೆದೆ. ಕೈ ನೋಯ್ತು, ಬಿಟ್ಟೆ.”

ಬಾಟಲಿಯಲ್ಲಿ ಏನಿರುತ್ತದೆ, ಒಂದು ಚಮಚ ಏನು ಮಾಡಬಲ್ಲದು, ಯಾರಾದರೂ ತಪ್ಪಿ ಕುಡಿದರೆ ಸ್ಪ್ರೇ ಹೇಗೆ ಬಿಡಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು, ಎಲ್ಲವನ್ನೂ ಅಕ್ಕ ಬಿಡಿಸಿ ಹೇಳಿದರು. ತಾಯಿ ತಲೆಯಾಡಿಸದೆ ಕೇಳಿದರು. ಆಮೇಲೆ ಹೇಳಿದ್ದನ್ನೆಲ್ಲ ಒಂದೂ ಬಿಡದೆ ವಾಪಸ್ ಒಪ್ಪಿಸಿದರು. ಅಕ್ಕ ಬೀಗದ ಪುಟ್ಟ ಪೆಟ್ಟಿಗೆಯೊಳಗೆ ಸಂಜೆಯ ಬಾಟಲಿ ಇಟ್ಟು ಸಂದಿಯಿಂದ ಆಚೆ ತಳ್ಳಿದರು. ಕೀಯನ್ನು ತಾಯಿಯ ಕೈಗೇ ಕೊಟ್ಟರು. ಸೊಟ್ಟ ಬೆರಳುಗಳು ಅದನ್ನು ಗಟ್ಟಿಯಾಗಿ ಮುಚ್ಚಿಕೊಂಡವು.

ಬೆಳಗಿನ ಅರ್ಧ ಪಾಲನ್ನು ಕುಶನ್ ಅಲ್ಲೇ ಕುಡಿದ. ನೀರನ್ನೂ ಕುಡಿದ. ಅಕ್ಕನಿಗೆ ಜೋಕು ಶುರುಮಾಡಲು ನೆನಪಾಗಿರಲಿಲ್ಲ, ಈಗ ಒಂದೂ ತೋಚುತ್ತಿಲ್ಲ. ಸಾಲು ಕಾಯುತ್ತಿತ್ತು. ಅಷ್ಟರಲ್ಲಿ ತಾಯಿ ನಿಟ್ಟುಸಿರು ಬಿಟ್ಟರು.

“ನಂಗೆ ಬೇರೆಯದೇ ಬೇಜಾರು. ಇವ್ನು ದಿನಾ ಕತ್ತಲಲ್ಲೇ ಎದ್ದು, ತಲೆ ಬಾಚ್ಕೊಂಡು ಹೋಗ್ತಿದ್ದ. ಯಾವಳೋ ಇದ್ದಾಳೆ, ಸದ್ಯ, ಮದುವೆ ಆಗ್ತಾನೆ ಅಂದ್ಕೊಂಡಿದ್ದೆ. ಅವತ್ತು ಇವ್ರು ಇವ್ನ ಜೊತೆ ಟ್ಯಾಕ್ಸಿ ಮಾಡ್ಕೊಂಡು ಮನೆಗೇ ಬಂದಾಗ ನೋಡ್ದೆ. ವಯಸ್ಸು ಸ್ವಲ್ಪ ಜಾಸ್ತಿ ಆಯ್ತು, ಆದ್ರೂ ಪರವಾಗಿಲ್ಲ, ಗಟ್ಟಿ ಹೆಂಗಸು, ಮನೆ ನಿಭಾಯಿಸ್ತಾಳೆ ಅಂತ ಒಪ್ಕೊಂಡುಬಿಟ್ಟಿದ್ದೆ.”

ಮೆಟ್ಟಿಲ ತನಕದ ಸಾಲು ಒಟ್ಟಿಗೆ ನಕ್ಕಿತು. ಪ್ಲಂಬರ್ ಗೋಡೆ ಹಿಡಿದುಕೊಂಡ. ಕೊಡೆಯ ಟೀಚರಮ್ಮ ಕಣ್ಣೊರೆಸಿಕೊಂಡರು. ಒಳಗೆ ಕಿಟಕಿ ಅಕ್ಕ, ಮದುವೆ ಫೋಟೋದಲ್ಲೂ ನಗದವರು, ಮುಖಕ್ಕೆ ಕೈ ಮುಚ್ಚಿಕೊಂಡಿದ್ದರು, ಭುಜ ಕುಲುಕುತ್ತಿತ್ತು. ಕುಶನ್ ಬಾಯಿ ಅಗಲಿಸಿ ನಕ್ಕ. ನಗುತ್ತ ನಗುತ್ತಲೇ ಅದು ಅಳುವಾಯಿತು, ಅವನಿಗದನ್ನು ನಿಲ್ಲಿಸಲಾಗಲಿಲ್ಲ. ತಾಯಿ ಶಾಲಿನ ತುದಿಯಿಂದ ಅವನ ಮೂಗು ಒರೆಸಿದರು.

ಅಕ್ಕ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಎಲ್ಲರಿಗೂ ಬಗ್ಗುವ ಹಾಗೆ ಅವನಿಗೂ ಗಾಜಿನ ಹತ್ತಿರ ಬಗ್ಗಿದರು. ನಾಲಗೆ, ಒಸಡು, ಬಲಗೆನ್ನೆ, ಎಡಗೆನ್ನೆ ನೋಡಿದರು. ಎಡಗೆನ್ನೆಯನ್ನು ಇನ್ನೊಂದು ಸಲ ನೋಡಿದರು.

“ಖಾಲಿ ಇದೆ,” ಅಂದರು. “ಮುಂದಿನವರು ಬನ್ನಿ.”